ಕುರ್ಚಿಯ ಲೆಕ್ಕ, ಕೆಲಸದ ಲೆಕ್ಕ

ಡೊನಾಲ್ಡ್ ಟ್ರಂಪ್ ಎರಡನೆಯ ಸಲ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು 2025ರ ಜನವರಿ 20ರಂದು. ಅಂದೇ ಸಹಿ ಬಿದ್ದ ಕಾಗದಗಳ ರಾಶಿಯಲ್ಲಿ ಒಂದು ಪುಟ್ಟ ಜ್ಞಾಪನ ಪತ್ರವೂ ಇತ್ತು. ಮನೆಯಿಂದ ಕೆಲಸ ಮಾಡುವ ಏರ್ಪಾಡನ್ನು ಎಲ್ಲ ಇಲಾಖೆಗಳ ಮುಖ್ಯಸ್ಥರು ಆದಷ್ಟು ಬೇಗ ಕೊನೆಗಾಣಿಸಬೇಕು, ನೌಕರರು ಪೂರ್ಣಾವಧಿ ಕಚೇರಿಗೇ ಬಂದು ಕೆಲಸ ಮಾಡಬೇಕು, ಅಗತ್ಯವೆಂದು ಕಂಡಲ್ಲಿ ಮುಖ್ಯಸ್ಥರು ವಿನಾಯಿತಿ ಕೊಡಬಹುದು. ಅದರಲ್ಲಿದ್ದದ್ದು ಇಷ್ಟೇ. ಎರಡು ದಿನ ಕಳೆಯುವಷ್ಟರಲ್ಲಿ ಫೆಡರಲ್ ಸರ್ಕಾರದ ಸಿಬ್ಬಂದಿ ಇಲಾಖೆ ಎಲ್ಲ ಇಲಾಖೆಗಳಿಗೂ ಸುತ್ತೋಲೆ ಕಳಿಸಿತು. 24ರ ಸಂಜೆ ಐದು ಗಂಟೆಯೊಳಗೆ ನಿಮ್ಮ ನಿಯಮ ತಿದ್ದಿಕೊಳ್ಳಿ, ಸುಮಾರು ಮೂವತ್ತು ದಿನಗಳಲ್ಲಿ ಜನರನ್ನು ಕಚೇರಿಗೆ ಕರೆಸಿಕೊಳ್ಳಿ ಎಂದು ಅದರಲ್ಲಿತ್ತು. ಕಾಲು ಶತಮಾನ ಕಾಲ ಕಾಯ್ದೆ, ಒಪ್ಪಂದ, ಪ್ರಯೋಗಗಳ ಮೂಲಕ ಕಟ್ಟಿದ್ದ ವ್ಯವಸ್ಥೆಯೊಂದನ್ನು ಕಳಚಲು ಒಂದು ತಿಂಗಳು ಕೊಟ್ಟಂತಾಯಿತು.

ಸರ್ಕಾರಿ ನೌಕರರು ಕಚೇರಿಗೆ ಬರಬೇಕು ಎಂಬ ಮಾತಿಗೆ ಯಾವ ದೇಶದಲ್ಲಾದರೂ ಜನ ತಲೆದೂಗುತ್ತಾರೆ. ತಹಶೀಲ್ದಾರ್ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತು, ‘ಸಾಹೇಬ್ರು ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬನ್ನಿ’ ಎಂದು ಕೇಳಿಸಿಕೊಂಡು ಮರಳಿದ ನಮಗಂತೂ ಖಾಲಿ ಕುರ್ಚಿ ಕಂಡರೆ ಹೊಟ್ಟೆ ಉರಿಯುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅಮೆರಿಕದಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿದರೆ ಅದು ಜನರ ಆ ಸಿಟ್ಟಿಗೆ ಕೊಟ್ಟ ಉತ್ತರವಲ್ಲ ಎಂಬುದು ಗೊತ್ತಾಗುತ್ತದೆ. ಜನರ ಕೆಲಸ ಬೇಗ ಆಗಲಿ ಎಂಬ ಗುರಿ ಆ ಆದೇಶಕ್ಕಿತ್ತು ಎಂದು ನಂಬಲು ನನಗೆ ಆಧಾರ ಸಿಕ್ಕಿಲ್ಲ. ಅದರ ಗುರಿ ಬೇರೆ ಇತ್ತು, ಮತ್ತು ಆ ಗುರಿಯನ್ನು ಆದೇಶದ ಹಿಂದಿದ್ದವರೇ ಮೊದಲೇ ಬರೆದು ತಿಳಿಸಿದ್ದರು.

ಮೊದಲಿಗೆ, ಮನೆಯಲ್ಲಿ ಕೂತಿದ್ದವರು ಎಷ್ಟು ಜನ ಎಂಬ ಪ್ರಶ್ನೆ. 2024ರ ಡಿಸೆಂಬರ್‌ನಲ್ಲಿ ಅಯೋವಾದ ಸೆನೆಟರ್ ಜೋನಿ ಅರ್ನ್‌ಸ್ಟ್ ಬಿಡುಗಡೆ ಮಾಡಿದ ವರದಿಯಲ್ಲಿ, ದಿನವೂ ಕಚೇರಿಗೆ ಬರುವವರು ನೂರಕ್ಕೆ ಆರು ಮಂದಿ ಮಾತ್ರ ಎಂದಿತ್ತು. ಈ ಸಂಖ್ಯೆ ಕಾಡ್ಗಿಚ್ಚಿನಂತೆ ಹಬ್ಬಿತು. ಅದರ ಮೂಲ ಹುಡುಕಿದರೆ ಸಿಗುವುದು ಸುದ್ದಿಸಂಸ್ಥೆಯೊಂದು ತನ್ನ ಓದುಗರ ನಡುವೆ ನಡೆಸಿದ ಸಮೀಕ್ಷೆ. ಬೇಕೆಂದವರು ಉತ್ತರಿಸಬಹುದಾಗಿದ್ದ ಆ ಸಮೀಕ್ಷೆಗೆ ವೈಜ್ಞಾನಿಕ ಮಾದರಿ ಎನ್ನುವುದೇ ಇರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಶ್ವೇತಭವನದ ಬಜೆಟ್ ಕಚೇರಿ ಸಂಸತ್ತಿಗೆ ಕೊಟ್ಟ ಲೆಕ್ಕ ಬೇರೆಯೇ ಇತ್ತು. ಒಟ್ಟು ಸುಮಾರು 22.8 ಲಕ್ಷ ನಾಗರಿಕ ನೌಕರರು. ಅವರಲ್ಲಿ ನೂರಕ್ಕೆ 54 ಮಂದಿಯ ಕೆಲಸವೇ ಮನೆಯಿಂದ ಮಾಡಲಾಗದ್ದು. ಸೆರೆಮನೆಯ ಕಾವಲುಗಾರರು, ವಿಮಾನ ನಿಲ್ದಾಣದಲ್ಲಿ ಬ್ಯಾಗು ತಪಾಸಣೆ ಮಾಡುವವರು, ಮಾಜಿ ಸೈನಿಕರ ಆಸ್ಪತ್ರೆಯ ನರ್ಸುಗಳು, ಕಸಾಯಿಖಾನೆಗಳಲ್ಲಿ ಮಾಂಸ ಪರೀಕ್ಷಿಸುವ ಇನ್‌ಸ್ಪೆಕ್ಟರುಗಳು, ಅರಣ್ಯ ಕಾಯುವವರು, ಇವರೆಲ್ಲ ಕೊರೊನಾ ಕಾಲದಲ್ಲೂ ಮೈಕೈ ಒಡ್ಡಿ ಕೆಲಸ ಮಾಡಿದವರು. ಪೂರ್ತಿ ದೂರದಿಂದಲೇ ಕೆಲಸ ಮಾಡುತ್ತಿದ್ದವರು 2.28 ಲಕ್ಷ, ಅಂದರೆ ಹತ್ತರಲ್ಲೊಬ್ಬರು. ವಾರದ ಕೆಲವು ದಿನ ಮನೆಯಿಂದ ಕೆಲಸ ಮಾಡಲು ಅವಕಾಶವಿದ್ದ ಉಳಿದವರು ಕೂಡ ತಮ್ಮ ಕೆಲಸದ ಅವಧಿಯ ಶೇ 60ರಷ್ಟನ್ನು ಕಚೇರಿಯಲ್ಲೇ ಕಳೆಯುತ್ತಿದ್ದರು. ಇನ್ನೊಂದು ಸಂಗತಿಯನ್ನು ಹೊರಗಿನವರು ಗಮನಿಸುವುದು ಕಡಿಮೆ. ಈ ನೌಕರರಲ್ಲಿ ಶೇ 80ಕ್ಕೂ ಹೆಚ್ಚಿನವರು ಇರುವುದು ವಾಷಿಂಗ್ಟನ್ನಿನ ಹೊರಗೆ, ದೇಶದ ಉದ್ದಗಲಕ್ಕೂ.

ಮನೆಯಿಂದ ಕೆಲಸ ಎಂಬುದು ಕೊರೊನಾ ಹುಟ್ಟಿಸಿದ ಸೌಕರ್ಯ ಎಂಬ ನಂಬಿಕೆಯೂ ಹಾಗೆಯೇ ತಪ್ಪು. ಜ್ಯಾಕ್ ನಿಲ್ಲೆಸ್ ಎಂಬ ಎಂಜಿನಿಯರ್ ಈ ಕಲ್ಪನೆಗೆ ಹೆಸರು ಕೊಟ್ಟದ್ದು 1973ರಲ್ಲಿ, ತೈಲ ಬಿಕ್ಕಟ್ಟಿನ ವರ್ಷದಲ್ಲಿ. ಕಚೇರಿಗೆ ಜನರನ್ನು ಹೊತ್ತೊಯ್ಯುವ ಬದಲು ಕೆಲಸವನ್ನೇ ಜನರ ಬಳಿಗೆ ಒಯ್ಯಬಾರದೇಕೆ ಎಂಬುದು ಅವರ ಪ್ರಶ್ನೆ. ಸರ್ಕಾರದಲ್ಲಿ ಇದಕ್ಕೆ ಬೆನ್ನಾಗಿ ನಿಂತವರು ವರ್ಜೀನಿಯಾದ ಫ್ರ್ಯಾಂಕ್ ವುಲ್ಫ್, ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ಸಂಸದ. ವಾಷಿಂಗ್ಟನ್ನಿಗೆ ಬಂದು ಹೋಗುವ ಹೆದ್ದಾರಿಗಳಲ್ಲಿ ದಿನಕ್ಕೆರಡು ಸಲ ಗಂಟೆಗಟ್ಟಲೆ ಸಿಕ್ಕಿಕೊಳ್ಳುವ ಮತದಾರರ ಪ್ರತಿನಿಧಿ ಅವರು. ಪ್ರತಿ ಇಲಾಖೆಗೂ ದೂರಕೆಲಸದ ನೀತಿ ಇರಲೇಬೇಕೆಂಬ ಷರತ್ತನ್ನು ಅವರು 2000ದಲ್ಲಿ ಕಾಯ್ದೆಗೆ ಸೇರಿಸಿದರು.

ಆಮೇಲೆ ಬಂದದ್ದು 2010ರ ಫೆಬ್ರುವರಿಯ ಹಿಮಪಾತ. ವಾಷಿಂಗ್ಟನ್ ಹಿಮದಡಿ ಹೂತುಹೋಯಿತು, ಸೋಮವಾರದಿಂದ ಗುರುವಾರದವರೆಗೆ ಸರ್ಕಾರಿ ಕಚೇರಿಗಳು ಬಾಗಿಲು ಮುಚ್ಚಿದವು. ಒಂದು ದಿನ ಮುಚ್ಚಿದರೆ ಹತ್ತು ಕೋಟಿ ಡಾಲರ್ ನಷ್ಟ ಎಂಬುದು ಸಿಬ್ಬಂದಿ ಇಲಾಖೆಯ ಹಳೆಯ ಅಂದಾಜಾಗಿತ್ತು. ಮನೆಯಿಂದ ಕೆಲಸ ಮುಂದುವರಿಸಿದವರನ್ನು ಲೆಕ್ಕಕ್ಕೆ ಹಿಡಿದ ಮೇಲೆ ಅದು 7.1 ಕೋಟಿಗೆ ಇಳಿಯಿತು. ಅದೇ ವರ್ಷ ಡಿಸೆಂಬರ್ 9ರಂದು ಅಧ್ಯಕ್ಷ ಬರಾಕ್ ಒಬಾಮ ದೂರಕೆಲಸ ಕಾಯ್ದೆಗೆ ಸಹಿ ಹಾಕಿದರು. ಯಾರು ಅರ್ಹರು, ಯಾರು ಅಲ್ಲ, ಯಾವ ತರಬೇತಿ ಬೇಕು, ಯಾವ ಲಿಖಿತ ಒಪ್ಪಂದ ಬೇಕು, ಯುದ್ಧವೋ ಪ್ರಕೃತಿ ವಿಕೋಪವೋ ಬಂದಾಗ ಸರ್ಕಾರ ನಿಲ್ಲದಂತೆ ಏನು ಮಾಡಬೇಕು ಎಂಬುದನ್ನೆಲ್ಲ ಆ ಕಾಯ್ದೆ ಹೇಳುತ್ತದೆ. ಹತ್ತು ವರ್ಷದ ನಂತರ ಕೊರೊನಾ ಬಂದಾಗ ಫೆಡರಲ್ ಸರ್ಕಾರ ಕುಸಿದು ಬೀಳದೇ ಉಳಿದದ್ದರಲ್ಲಿ ಈ ಸಿದ್ಧತೆಯ ಪಾಲು ದೊಡ್ಡದು. 2020ರ ಮಾರ್ಚ್ 17ರಂದು, ಆದಷ್ಟೂ ಜನರನ್ನು ಮನೆಯಿಂದ ಕೆಲಸ ಮಾಡಿಸಿ ಎಂದು ಬಜೆಟ್ ಕಚೇರಿಯ ಸುತ್ತೋಲೆ ಹೊರಡಿಸಿದವರು ರಸೆಲ್ ವಾಟ್. ಆಗಲೂ ಅಧ್ಯಕ್ಷರು ಟ್ರಂಪ್. ವಾಟ್ ಹೆಸರನ್ನು ನೆನಪಿಟ್ಟುಕೊಳ್ಳಿ, ಅವರು ಮತ್ತೆ ಬರುತ್ತಾರೆ.

ಈ ಇಡೀ ಕಥೆಯಲ್ಲಿ ನನ್ನನ್ನು ಬಹಳ ಹಿಡಿದು ನಿಲ್ಲಿಸುವುದು ಅಮೆರಿಕದ ಪೇಟೆಂಟ್ ಕಚೇರಿ. ವಾಷಿಂಗ್ಟನ್ನಿನಿಂದ ಪೊಟೊಮ್ಯಾಕ್ ನದಿಯ ಆಚೆ ದಡಕ್ಕಿರುವ ಅಲೆಕ್ಸಾಂಡ್ರಿಯಾದಲ್ಲಿ ಅದರ ಕೇಂದ್ರ. ಬೆಂಗಳೂರಿನ ಪ್ರಯೋಗಾಲಯಗಳಲ್ಲಿ, ಕಂಪನಿಗಳಲ್ಲಿ ಹುಟ್ಟಿದ ಆವಿಷ್ಕಾರಗಳೂ ಪ್ರತಿವರ್ಷ ಆ ಕಚೇರಿಯ ಕಡತಗಳಲ್ಲಿ ಸರದಿ ಹಿಡಿಯುತ್ತವೆ. ಅಲ್ಲಿನ ಕೆಲಸದ ವೇಗ ನಮ್ಮವರಿಗೂ ತಟ್ಟುತ್ತದೆ.

ಅಲ್ಲಿನ ಪರೀಕ್ಷಕರ ಕೆಲಸ ಹೀಗಿರುತ್ತದೆ. ಒಂದು ಅರ್ಜಿ ಪರದೆಯ ಮೇಲೆ ಬರುತ್ತದೆ, ಬ್ಯಾಟರಿಯದ್ದೋ ಔಷಧದ್ದೋ ಇರಬಹುದು. ‘ಇದು ನನ್ನದು’ ಎಂದು ಅರ್ಜಿದಾರ ಹಕ್ಕು ಸಾಧಿಸುವ ಸಾಲುಗಳನ್ನು ಒಂದೊಂದಾಗಿ ಓದಬೇಕು. ಜಗತ್ತಿನಲ್ಲಿ ಬೇರೆ ಯಾರಾದರೂ ಇದನ್ನು ಮೊದಲೇ ಮಾಡಿದ್ದಾರೆಯೇ ಎಂದು ಹಳೆಯ ಪೇಟೆಂಟುಗಳಲ್ಲಿ, ವಿಜ್ಞಾನ ಪತ್ರಿಕೆಗಳಲ್ಲಿ, ಜಪಾನಿ, ಚೀನೀ, ಜರ್ಮನ್ ದಾಖಲೆಗಳಲ್ಲಿ ಹುಡುಕಬೇಕು. ಸಿಕ್ಕಿದರೆ ಯಾವ ಸಾಲು ಯಾವ ಹಳೆಯ ದಾಖಲೆಯ ಯಾವ ಭಾಗಕ್ಕೆ ತಾಗುತ್ತದೆ ಎಂದು ಕಾನೂನಿನ ಭಾಷೆಯಲ್ಲಿ ಬರೆದು ಕಳಿಸಬೇಕು. ಅರ್ಜಿದಾರರ ವಕೀಲರು ವಾದ ಹೂಡುತ್ತಾರೆ, ಅದಕ್ಕೆ ಮತ್ತೆ ಉತ್ತರ ಬರೆಯಬೇಕು. ಒಂದು ಅರ್ಜಿಗೆ ಒಟ್ಟಾರೆ ಸರಾಸರಿ ಇಪ್ಪತ್ತು ಗಂಟೆಯ ಆಸುಪಾಸು. ಯಾವ ತಂತ್ರಜ್ಞಾನಕ್ಕೆ ಎಷ್ಟು ಗಂಟೆ ಎಂಬುದು ಗೊತ್ತುಮಾಡಿರುತ್ತದೆ, ಎರಡು ವಾರಕ್ಕೊಮ್ಮೆ ಎಷ್ಟು ಮುಗಿಯಿತೆಂಬ ಲೆಕ್ಕ ನಡೆಯುತ್ತದೆ. ಎದುರಿಗೆ ಗಿರಾಕಿ ಇಲ್ಲ, ಕೌಂಟರ್ ಇಲ್ಲ, ಮುದ್ರೆ ಒತ್ತಬೇಕಾದ ಕಾಗದವಿಲ್ಲ. ಇಂಥ ಕೆಲಸಕ್ಕೆ ಬೇಕಾದದ್ದು ಗದ್ದಲವಿಲ್ಲದ ಕೋಣೆ ಮತ್ತು ಒಳ್ಳೆಯ ಸಂಪರ್ಕ.

1997ರಲ್ಲಿ ಟ್ರೇಡ್‌ಮಾರ್ಕ್ ವಿಭಾಗದ 18 ವಕೀಲರನ್ನು ಮನೆಯಿಂದ ಕೆಲಸ ಮಾಡಲು ಬಿಟ್ಟು ಕಚೇರಿ ಪ್ರಯೋಗ ಶುರುಮಾಡಿತು. ಆ ಪ್ರಯೋಗದ ಹಿಂದೆ ಉದಾರತನಕ್ಕಿಂತ ಅಗತ್ಯವಿತ್ತು. ತರಬೇತಿ ಕೊಟ್ಟು ತಯಾರು ಮಾಡಿದ ಜನರನ್ನು ಖಾಸಗಿ ಕಾನೂನು ಸಂಸ್ಥೆಗಳು ಹೆಚ್ಚಿನ ಸಂಬಳ ಕೊಟ್ಟು ಎಳೆದುಕೊಳ್ಳುತ್ತಿದ್ದವು, ಸರ್ಕಾರ ಆ ಸಂಬಳ ಕೊಡುವಂತಿರಲಿಲ್ಲ. ಕಚೇರಿಯ ಬಾಡಿಗೆಯೂ ಉಳಿಯುತ್ತಿತ್ತು. ಪ್ರಯೋಗ ಬೆಳೆಯಿತು. 2010ರ ಕಾಯ್ದೆಯ ಬಲದಿಂದ ಕಚೇರಿ ಇನ್ನೊಂದು ಹೆಜ್ಜೆ ಇಟ್ಟು, ಪರೀಕ್ಷಕರು ದೇಶದ ಯಾವ ಊರಿನಲ್ಲಾದರೂ ನೆಲೆಸಬಹುದು ಎಂದಿತು. ಇದರ ಪರಿಣಾಮವನ್ನು ಅಧ್ಯಯನ ಮಾಡಿದವರು ಪೃಥ್ವಿರಾಜ್ ಚೌಧುರಿ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು. ಚೌಧುರಿ ಆಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕರು. ಮನೆಯಿಂದ ಕೆಲಸ ಮಾಡುತ್ತ ಕಚೇರಿಯ ಆಸುಪಾಸಿನಲ್ಲೇ ಇರಬೇಕಾಗಿದ್ದವರು, ಎಲ್ಲಿ ಬೇಕಾದರೂ ಇರಬಹುದೆಂದಾದ ಮೇಲೆ ಮಾಡಿದ ಕೆಲಸ ಶೇ 4.4ರಷ್ಟು ಹೆಚ್ಚಿತು, ಗುಣಮಟ್ಟ ಕುಂದಲಿಲ್ಲ. ಕಡಿಮೆ ಖರ್ಚಿನ ಊರಿಗೆ, ತವರಿನ ಸಮೀಪಕ್ಕೆ ಹೋದ ಮನುಷ್ಯ ಅದೇ ಸಂಬಳದಲ್ಲಿ ನೆಮ್ಮದಿಯಾಗಿದ್ದು ಹೆಚ್ಚು ಕೆಲಸ ಮಾಡಿದ. ಇದರಲ್ಲಿ ಅಚ್ಚರಿಯೇನಿದೆ?

ಆದರೆ ಇದೇ ಕಚೇರಿಯ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ನ್ಯಾಯವಾಗದು. ಅದು ವಾಣಿಜ್ಯ ಇಲಾಖೆಯ ಅಡಿ ಬರುವ ಸಂಸ್ಥೆ, ಆ ಇಲಾಖೆಯ ತನಿಖಾ ವಿಭಾಗ 2015ರಲ್ಲಿ ಒಬ್ಬ ಪರೀಕ್ಷಕನ ಪ್ರಕರಣ ಬಯಲಿಗೆ ತಂದಿತು. ಅವನು ಒಂದೇ ವರ್ಷದಲ್ಲಿ ಕನಿಷ್ಠ 730 ಗಂಟೆ ಕೆಲಸ ಮಾಡದೆಯೇ ಸಂಬಳ ಎಣಿಸಿದ್ದ. ಮರುವರ್ಷ ತನಿಖೆ ಇಡೀ ಕಚೇರಿಗೆ ಹಬ್ಬಿತು. ಕಂಪ್ಯೂಟರ್ ಲಾಗ್‌ಗಳನ್ನು, ಕಟ್ಟಡದ ಗೇಟಿನ ದಾಖಲೆಗಳನ್ನು ಹಾಜರಿ ಪಟ್ಟಿಯೊಂದಿಗೆ ತಾಳೆ ನೋಡಿದಾಗ ಹದಿನೈದು ತಿಂಗಳಲ್ಲಿ 2,88,479 ಗಂಟೆಗಳಿಗೆ ಲೆಕ್ಕ ಸಿಗಲಿಲ್ಲ. ಅದರ ಬೆಲೆ 1.8 ಕೋಟಿ ಡಾಲರ್ ಮೀರಿತ್ತು. ಇದು ಅರ್ಜಿದಾರರು ಕಟ್ಟಿದ ಶುಲ್ಕದ ಹಣದ ಕಳವು, ಬೇರೆ ಹೆಸರು ಬೇಡ. ಆ ವರದಿಯಲ್ಲಿ ಇನ್ನೂ ಒಂದು ಮಾತಿತ್ತು, ಅದರ ಬಗ್ಗೆ ಚರ್ಚೆ ಆದದ್ದು ಕಡಿಮೆ. ಲೆಕ್ಕ ಸಿಗದ ಗಂಟೆಗಳು ಹೆಚ್ಚಿದ್ದ ಪರೀಕ್ಷಕರಲ್ಲಿ ಬಹುಪಾಲು ಜನ ವರ್ಷದ ಮೌಲ್ಯಮಾಪನದಲ್ಲಿ ಸರಾಸರಿಗಿಂತ ಮೇಲಿನ ಶ್ರೇಣಿ ಪಡೆದಿದ್ದರು. ಅಂದರೆ ಒಂದೋ ನಿಗದಿಪಡಿಸಿದ ಗುರಿ ತೀರ ಸಡಿಲವಾಗಿತ್ತು, ಇಲ್ಲವೇ ಮೇಲ್ವಿಚಾರಕರು ಕಣ್ಣುಮುಚ್ಚಿ ಅಂಕ ಕೊಟ್ಟಿದ್ದರು. ಈ ರೋಗ ಕಚೇರಿಯ ಕುರ್ಚಿಯಲ್ಲೂ ಅಷ್ಟೇ ಸಲೀಸಾಗಿ ಬೆಳೆಯುತ್ತದೆ. ಮದ್ದು ಬೇಕಾದದ್ದು ಗುರಿಗೆ, ಮೇಲ್ವಿಚಾರಣೆಗೆ. ತನಿಖಾಧಿಕಾರಿಗಳು ಶಿಫಾರಸು ಮಾಡಿದ್ದೂ ಅದನ್ನೇ.

2025ರ ಆರಂಭದಲ್ಲಿ ಅಲ್ಲಿ ಪರೀಕ್ಷೆಗೆ ಕಾದು ಕೂತ ಅರ್ಜಿಗಳು ಎಂಟು ಲಕ್ಷ ದಾಟಿದ್ದವು. ನೌಕರ ಸಂಘದ ಒಪ್ಪಂದದ ಆಸರೆ ಪರೀಕ್ಷಕರಿಗಿತ್ತು, ಮೇಲ್ವಿಚಾರಕರಿಗೆ ಇರಲಿಲ್ಲ. ಹಾಗಾಗಿ ಜನವರಿಯ ಆದೇಶದ ಮೇರೆಗೆ ಮೊದಲು ಕಚೇರಿಗೆ ಕರೆ ಬಂದದ್ದು ಮೇಲ್ವಿಚಾರಕರಿಗೆ. ತಂಡ ಊರೂರುಗಳಲ್ಲಿ, ತಂಡದ ಮುಖ್ಯಸ್ಥ ಅಲೆಕ್ಸಾಂಡ್ರಿಯಾದಲ್ಲಿ. ಮಾತುಕತೆ ಮಾತ್ರ ಮೊದಲಿನ ಹಾಗೆ ಅದೇ ಪರದೆಯ ಮೂಲಕ. ಆಗಸ್ಟ್ 28ರಂದು ಇನ್ನೊಂದು ಅಧ್ಯಕ್ಷೀಯ ಆದೇಶ ಪೇಟೆಂಟ್ ವಿಭಾಗದವರ ಸಾಮೂಹಿಕ ಚೌಕಾಶಿಯ ಹಕ್ಕನ್ನೂ ತೆಗೆದುಹಾಕಿತು. ಕಾರಣ ಕೊಟ್ಟದ್ದು ರಾಷ್ಟ್ರೀಯ ಭದ್ರತೆ.

ಕಚೇರಿಗೆ ಮರಳಿ ಎನ್ನುವವರ ಬಳಿ ಗಟ್ಟಿ ವಾದಗಳೇ ಇಲ್ಲವೆಂದಲ್ಲ. ಸರ್ಕಾರಿ ಲೆಕ್ಕಪತ್ರಗಳ ಮೇಲೆ ಕಣ್ಣಿಡುವ ಜಿಎಒ ಸಂಸ್ಥೆ 2023ರಲ್ಲಿ 24 ದೊಡ್ಡ ಇಲಾಖೆ ಮತ್ತು ಸಂಸ್ಥೆಗಳ ಕೇಂದ್ರ ಕಚೇರಿಗಳನ್ನು ಪರಿಶೀಲಿಸಿತು. 17 ಕಡೆ ಕಟ್ಟಡದ ಸಾಮರ್ಥ್ಯದ ಕಾಲುಭಾಗ ಅಥವಾ ಅದಕ್ಕೂ ಕಡಿಮೆ ಬಳಕೆಯಾಗುತ್ತಿತ್ತು. ಫೆಡರಲ್ ಸರ್ಕಾರದ ಕಚೇರಿ ಕಟ್ಟಡಗಳನ್ನು ನಡೆಸಲು, ನಿಭಾಯಿಸಲು ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ಖರ್ಚು. ನೌಕರರನ್ನು ನಂಬಿ ಅಂಗಡಿ ತೆರೆದಿದ್ದ ವಾಷಿಂಗ್ಟನ್ನಿನ ಹೋಟೆಲಿನವರು, ಇಸ್ತ್ರಿಯವರು, ಚಪ್ಪಲಿ ರಿಪೇರಿಯವರು ಬಾಗಿಲು ಹಾಕಿದರು. ನಗರದ ಮೇಯರ್ ಮ್ಯೂರಿಯಲ್ ಬೌಸರ್ 2023ರ ಜನವರಿಯಲ್ಲಿ, ಒಂದೋ ಜನರನ್ನು ವಾಪಸು ಕರೆಸಿ, ಇಲ್ಲ ಕಟ್ಟಡಗಳನ್ನು ನಮಗೆ ಬಿಟ್ಟುಕೊಡಿ, ಮನೆಗಳನ್ನಾದರೂ ಕಟ್ಟುತ್ತೇವೆ ಎಂದು ಆಗಿನ ಅಧ್ಯಕ್ಷ ಜೋ ಬೈಡನ್ ಅವರನ್ನು ಕೇಳಿಕೊಂಡರು. ಅವರೂ ಬೈಡನ್ ಅವರೂ ಒಂದೇ ಪಕ್ಷದವರು. ಬೈಡನ್ ಆಡಳಿತವೂ ಅದೇ ವರ್ಷ ಏಪ್ರಿಲ್‌ನಲ್ಲಿ ಕಚೇರಿ ಹಾಜರಿ ಹೆಚ್ಚಿಸಿ ಎಂದು ಇಲಾಖೆಗಳಿಗೆ ಬರೆಯಿತು.

ಕಾಗದದ ಕೆಲಸ ಮನೆಯಿಂದ ಆಗುವುದಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. 2020ರಲ್ಲಿ ತೆರಿಗೆ ಇಲಾಖೆಯ ಕೇಂದ್ರಗಳು ಮುಚ್ಚಿದಾಗ, ಜನ ಅಂಚೆಯಲ್ಲಿ ಕಳಿಸಿದ ತೆರಿಗೆ ವಿವರಗಳು ಬಿಚ್ಚುವವರಿಲ್ಲದೆ ಟ್ರೇಲರುಗಳಲ್ಲಿ ರಾಶಿಯಾಗಿ ಬಿದ್ದಿದ್ದವು. ಆ ಬಾಕಿ ತೀರಿಸಲು ವರ್ಷಗಳೇ ಹಿಡಿದವು. ಮರುಪಾವತಿಗೆ ಕಾದ ಬಡ ಕುಟುಂಬಕ್ಕೆ ಅದು ಸಣ್ಣ ಕಷ್ಟವಲ್ಲ. ಹೊಸದಾಗಿ ಸೇರಿದ ಹುಡುಗ ಹುಡುಗಿಯರ ಮಾತೂ ಹಾಗೆಯೇ. ಪಕ್ಕದ ಮೇಜಿನ ಹಿರಿಯರನ್ನು ನೋಡಿ ನೋಡಿ ಕಲಿಯುವ ಕಸುಬು ಪರದೆಯಲ್ಲಿ ಅಷ್ಟು ಸುಲಭಕ್ಕೆ ಕೈಗೆ ಬರುವುದಿಲ್ಲ. ಒಂದೇ ಕಟ್ಟಡದಲ್ಲಿ ಕೂತ ಕಿರಿಯ ಎಂಜಿನಿಯರುಗಳಿಗೆ ಹಿರಿಯರ ಸಲಹೆ ಹೆಚ್ಚು ಸಿಗುತ್ತದೆಂದು ಅರ್ಥಶಾಸ್ತ್ರಜ್ಞರು ಅಳೆದು ತೋರಿಸಿದ್ದಾರೆ. ಇವನ್ನೆಲ್ಲ ತೂಗಿ ನೋಡಿದರೆ ಕೆಲವು ದಿನ ಅಲ್ಲಿ, ಕೆಲವು ದಿನ ಇಲ್ಲಿ ಎಂಬ ಏರ್ಪಾಡಿನ ಕಡೆಗೇ ಮನಸ್ಸು ವಾಲುತ್ತದೆ. ಸ್ಟ್ಯಾನ್‌ಫೋರ್ಡ್‌ನ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಪ್ರವಾಸ ಕಂಪನಿಯೊಂದರ 1,612 ನೌಕರರ ಮೇಲೆ ನಡೆಸಿ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಹೇಳಿದ್ದೂ ಅದನ್ನೇ. ವಾರದಲ್ಲಿ ಎರಡು ದಿನ ಮನೆಯಿಂದ ದುಡಿದವರ ಕೆಲಸಕ್ಕೂ ಬಡ್ತಿಗೂ ಯಾವ ಕುಂದೂ ಆಗಲಿಲ್ಲ. ಕೆಲಸ ಬಿಟ್ಟು ಹೋಗುವವರು ಮಾತ್ರ ಮೂರನೇ ಒಂದರಷ್ಟು ಕಡಿಮೆಯಾದರು.

ಆ ಕೊನೆಯ ಸಂಖ್ಯೆಯಲ್ಲೇ ವಿಷಯದ ಗಂಟಿದೆ. ಮನೆಯಿಂದ ಕೆಲಸಕ್ಕೆ ಅವಕಾಶ ಕೊಟ್ಟರೆ ಜನ ಉಳಿಯುತ್ತಾರೆ ಎಂಬುದು ನಿಜವಾದರೆ, ಅದನ್ನು ಕಿತ್ತುಕೊಂಡರೆ ಹೋಗುತ್ತಾರೆ ಎಂಬುದೂ ನಿಜ. 2024ರ ನವೆಂಬರ್‌ನಲ್ಲಿ ಸರ್ಕಾರಿ ವೆಚ್ಚ ಕಡಿತಕ್ಕೆಂದು ಟ್ರಂಪ್ ಆರಿಸಿದ್ದ ಇಲಾನ್ ಮಸ್ಕ್ ಮತ್ತು ವಿವೇಕ್ ರಾಮಸ್ವಾಮಿ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದರು. ವಾರದ ಐದೂ ದಿನ ಕಚೇರಿಗೆ ಬರಬೇಕೆಂದರೆ ದೊಡ್ಡ ಸಂಖ್ಯೆಯಲ್ಲಿ ನೌಕರರು ತಾವಾಗಿ ರಾಜೀನಾಮೆ ಕೊಡುತ್ತಾರೆ, ಅದನ್ನು ನಾವು ಸ್ವಾಗತಿಸುತ್ತೇವೆ ಎಂಬುದು ಅವರ ಮಾತಿನ ಸಾರ. ರಸೆಲ್ ವಾಟ್ ಅಧಿಕಾರದಿಂದ ಹೊರಗಿದ್ದ ದಿನಗಳಲ್ಲಿ ಮಾಡಿದ ಭಾಷಣವೊಂದು 2024ರಲ್ಲಿ ಹೊರಬಂತು. ಸರ್ಕಾರಿ ನೌಕರರು ಬೆಳಿಗ್ಗೆ ಎದ್ದಾಗ ಕೆಲಸಕ್ಕೆ ಹೋಗಲು ಮನಸ್ಸೇ ಬರದಷ್ಟು ಆಘಾತಕ್ಕೆ ಒಳಗಾಗಬೇಕು ಎಂದು ಅವರು ಅದರಲ್ಲಿ ಹೇಳಿದ್ದರು. 2025ರಲ್ಲಿ ಅವರು ಮತ್ತೆ ಬಜೆಟ್ ಕಚೇರಿಯ ಮುಖ್ಯಸ್ಥರಾದರು.

ಜ್ಞಾಪನ ಪತ್ರಕ್ಕೆ ಎಂಟು ದಿನ ತುಂಬಿದ ಜನವರಿ 28ರಂದು ಸುಮಾರು ಇಪ್ಪತ್ತು ಲಕ್ಷ ನೌಕರರಿಗೆ ಒಂದು ಇಮೇಲ್ ಹೋಯಿತು. ಈಗಲೇ ರಾಜೀನಾಮೆಗೆ ಒಪ್ಪಿದರೆ ಸೆಪ್ಟೆಂಬರ್ ಕೊನೆಯವರೆಗೆ ಸಂಬಳ ಬರುತ್ತದೆ, ಕಚೇರಿಗೆ ಬರುವ ನಿಯಮ ಅನ್ವಯಿಸುವುದಿಲ್ಲ. ಮೊದಲ ಸುತ್ತಿನಲ್ಲೇ ಸುಮಾರು 75 ಸಾವಿರ ಮಂದಿ ಒಪ್ಪಿದರು. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉದ್ದೇಶ ಸ್ಪಷ್ಟವಾಗುತ್ತದೆ. ಬರಲೇಬೇಕು ಎಂದದ್ದು ಹೋಗಲಿ ಎಂಬುದಕ್ಕೆ. ನೌಕರರ ಸಂಖ್ಯೆ ಕಡಿಮೆ ಮಾಡುವ ಹಕ್ಕು ಚುನಾಯಿತ ಸರ್ಕಾರಕ್ಕೆ ಇದ್ದೇ ಇದೆ. ಯಾವ ಹುದ್ದೆ ಬೇಡ, ಏಕೆ ಬೇಡ ಎಂದು ಹೇಳಿ ಸಂಸತ್ತಿನ ಮುಂದೆ ನಿಂತು ಕಡಿತ ಮಾಡುವುದು ನೇರ ದಾರಿ. ಜನ ಬೇಸತ್ತು ಎದ್ದು ಹೋಗಲಿ ಎಂದು ಕಾಯುವ ದಾರಿಯಲ್ಲಿ ಯಾರು ಹೋಗುತ್ತಾರೆ ಎಂಬುದು ಸರ್ಕಾರದ ಕೈಯಲ್ಲಿ ಇರುವುದಿಲ್ಲ. ಹೊರಗೆ ಬೇರೆ ಕೆಲಸ ಸುಲಭವಾಗಿ ಸಿಗುವ ನುರಿತವರೇ ಮೊದಲು ಹೊರಡುತ್ತಾರೆ. ಮಗುವನ್ನು ನೋಡಿಕೊಳ್ಳುವ ತಾಯಿ, ಹಾಸಿಗೆ ಹಿಡಿದ ತಂದೆಯ ಮಗ ಅವರ ಹಿಂದೆ.

ಕಚೇರಿಗೆ ಬಂದವರಿಗೆ ಎದುರಾದದ್ದೇನು? ಔಷಧ ಮತ್ತು ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಡಿಎ ಸಂಸ್ಥೆಯ ದೊಡ್ಡ ಆವರಣ ಮೇರಿಲ್ಯಾಂಡಿನ ವೈಟ್ ಓಕ್‌ನಲ್ಲಿದೆ. ಮಾರ್ಚ್ 17ರಂದು ಸಾವಿರಾರು ಜನ ಅಲ್ಲಿಗೆ ಮರಳಿದಾಗ ಕಾರು ನಿಲ್ಲಿಸಲು ಜಾಗವಿರಲಿಲ್ಲ, ಭದ್ರತಾ ತಪಾಸಣೆಗೆ ಉದ್ದನೆಯ ಸಾಲು, ಒಳಗೆ ಹೋದರೆ ಮೇಜುಗಳಿಗೆ ಪರದಾಟ. ಅದೇ ತಿಂಗಳು ಮಾರ್ಚ್ 4ರಂದು ಸರ್ಕಾರದ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆ ಮಾರಬಹುದಾದ 443 ಕಟ್ಟಡಗಳ ಪಟ್ಟಿ ಪ್ರಕಟಿಸಿತ್ತು. ಅದರಲ್ಲಿ ಕೆಲವು ಇಲಾಖೆಗಳ ಕೇಂದ್ರ ಕಚೇರಿಗಳೂ ಇದ್ದವು. ಮರುದಿನವೇ ಆ ಪಟ್ಟಿಯನ್ನು ಹಿಂದಕ್ಕೆ ಪಡೆಯಲಾಯಿತು. ಜನರನ್ನು ಒಳಗೆ ಕರೆಯುವ ಆದೇಶವೂ ಕಟ್ಟಡ ಮಾರುವ ಪಟ್ಟಿಯೂ ಒಂದೇ ಸರ್ಕಾರದಿಂದ, ಒಂದೇ ಋತುವಿನಲ್ಲಿ ಬಂದಿದ್ದವು. ತಮ್ಮ ಕಚೇರಿಯಿಂದ 50 ಮೈಲಿಗಿಂತ ದೂರವಿದ್ದ ನೌಕರರನ್ನು ಹತ್ತಿರದ ಬೇರಾವುದಾದರೂ ಸರ್ಕಾರಿ ಕಟ್ಟಡಕ್ಕೆ ಹಚ್ಚಲಾಯಿತು. ಹೀಗೆ ಹೋದವರು ಪರಿಚಯವೇ ಇಲ್ಲದವರ ನಡುವೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಸಾವಿರ ಮೈಲಿ ಆಚೆಯ ತಮ್ಮ ತಂಡದೊಂದಿಗೆ ಪರದೆಯಲ್ಲೇ ಮಾತಾಡಬೇಕು. ಎದುರುಬದುರು ಕೂತು ಕೆಲಸ ಮಾಡಿ ಎಂದ ಆದೇಶದ ಪಾಲನೆ ಹೀಗಾಯಿತು.

ಮನಸ್ಸಿಗೆ ತೀರ ನೋವು ತಂದದ್ದು ಮಾಜಿ ಸೈನಿಕರ ಇಲಾಖೆಯ ಸುದ್ದಿ. ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದವರಿಗೆ ಆಪ್ತಸಮಾಲೋಚನೆ ನೀಡುವ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಅಲ್ಲಿದ್ದಾರೆ. ಹಳ್ಳಿಗಾಡಿನ ಸೈನಿಕರಿಗೆ ನೂರಾರು ಮೈಲಿ ಹೋಗಿಬರುವುದು ಕಷ್ಟವೆಂದು ಇಲಾಖೆ ವರ್ಷಗಳಿಂದ ವಿಡಿಯೊ ಚಿಕಿತ್ಸೆಯನ್ನು ಬೆಳೆಸಿತ್ತು. ಹಲವು ಚಿಕಿತ್ಸಕರನ್ನು ನೇಮಿಸಿಕೊಂಡದ್ದೇ ದೂರದಿಂದ ಕೆಲಸ ಮಾಡುವ ಷರತ್ತಿನ ಮೇಲೆ. ಅವರಿಗೂ ಕಚೇರಿಗೆ ಬರಲು ಹೇಳಿದಾಗ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಗಳು ಸಾಲದಾದವು. ಸಾಲು ಮೇಜುಗಳ ನಡುವೆ, ಅಕ್ಕಪಕ್ಕದವರಿಗೆ ಕೇಳಿಸುವಂತೆ, ಒಬ್ಬ ಸೈನಿಕ ತಾನು ಕಂಡ ಸಾವನ್ನು, ತನ್ನ ಕೈಯಿಂದಾದ ಸಾವನ್ನು ಹೇಳಿಕೊಳ್ಳಬೇಕೇ ಎಂದು ಚಿಕಿತ್ಸಕರು ಪತ್ರಿಕೆಗಳ ಮುಂದೆ ಗೋಳು ತೋಡಿಕೊಂಡರು. ಗೋಪ್ಯತೆಗೆ ಭಂಗ ಬಾರದಂತೆ ವ್ಯವಸ್ಥೆ ಮಾಡುತ್ತೇವೆ ಎಂದು ಇಲಾಖೆ ಉತ್ತರಿಸಿತು. ವ್ಯವಸ್ಥೆ ಮೊದಲು ಆಗಬೇಕಿತ್ತು, ಕರೆ ಆಮೇಲೆ ಹೋಗಬೇಕಿತ್ತು.

ತುರ್ತು ಬಂದಾಗ ಮಾತ್ರ ಇದೇ ಸರ್ಕಾರ ಮನೆಯಿಂದ ಕೆಲಸದ ದಾರಿಗೇ ಮರಳಿತು. 2025ರ ಆಗಸ್ಟ್ 8ರಂದು ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದ ಮೇಲೆ ಬಂದೂಕುಧಾರಿಯೊಬ್ಬ ಗುಂಡಿನ ಮಳೆಗರೆದು ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದ. ಕಿಟಕಿ ಗಾಜುಗಳು ಪುಡಿಯಾದವು. ಆಮೇಲೆ ಕೆಲವು ವಾರ ಅಲ್ಲಿನ ವಿಜ್ಞಾನಿಗಳು ಮನೆಯಿಂದಲೇ ದುಡಿದರು.

ನಮ್ಮಲ್ಲಿ ಮನೆಯಿಂದ ಕೆಲಸದ ಕಥೆ ಬೇರೆ ರೀತಿಯಲ್ಲಿ ಮುಗಿಯಿತು. 2020ರ ಮಾರ್ಚ್‌ನಲ್ಲಿ ಭಾರತದ ಕೇಂದ್ರ ಸರ್ಕಾರ ಕೆಳಹಂತದ ಅರ್ಧದಷ್ಟು ನೌಕರರನ್ನು ಸರದಿಯ ಮೇಲೆ ಮನೆಯಲ್ಲಿ ಉಳಿಸಿತು. ಅದೇ ವರ್ಷ ಮೇ ತಿಂಗಳಲ್ಲಿ, ವರ್ಷಕ್ಕೆ ಹದಿನೈದು ದಿನ ಮನೆಯಿಂದ ಕೆಲಸ ಮಾಡಲು ಅವಕಾಶ ಕೊಡುವ ಕರಡನ್ನು ಕೇಂದ್ರದ ಸಿಬ್ಬಂದಿ ಸಚಿವಾಲಯ ಹಂಚಿತು. 2022ರ ಫೆಬ್ರುವರಿ 7ರಿಂದ ಎಲ್ಲರೂ ಪೂರ್ಣ ಹಾಜರಿಗೆ ಮರಳಿದರು. ದೊಡ್ಡ ಜಗಳವಾಗಲಿಲ್ಲ, ದೊಡ್ಡ ಚರ್ಚೆಯೂ ಆಗಲಿಲ್ಲ. ಇ-ಆಫೀಸಿನಲ್ಲಿ ಓಡಾಡುವ ಕಡತಕ್ಕೆ ಕುರ್ಚಿಯ ಹಂಗು ಎಷ್ಟು, ಗ್ರಾಮ ಆಡಳಿತ ಅಧಿಕಾರಿಯಂಥ ಹುದ್ದೆಗೆ ಊರಿನಲ್ಲೇ ಸಿಗಬೇಕಾದ ಅಗತ್ಯ ಎಷ್ಟು ಎಂದು ಬಿಡಿಸಿ ನೋಡುವ ಅವಕಾಶ ಹಾಗೇ ಹೋಯಿತು.

ಆದರೂ ಕರ್ನಾಟಕದಲ್ಲಿ ಒಂದು ಒಳ್ಳೆಯ ಅಳತೆಗೋಲು ಇದೆ. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಗೆ ಬಂತು. ಜಾತಿ ಪ್ರಮಾಣಪತ್ರಕ್ಕೆ ಇಷ್ಟು ದಿನ, ಖಾತೆ ಬದಲಾವಣೆಗೆ ಇಷ್ಟು ದಿನ ಎಂದು ಅದು ಗಡುವು ಹಾಕುತ್ತದೆ. ಅರ್ಜಿಗೆ ಸಂಖ್ಯೆ ಕೊಡುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕು ಅರ್ಜಿದಾರರದು. ಅದು ಎಷ್ಟು ಸಮರ್ಪಕವಾಗಿ ನಡೆಯುತ್ತಿದೆ ಎಂಬುದು ಬೇರೆ ಲೇಖನದ ವಿಷಯ. ಅದರ ಹಿಂದಿನ ವಿವೇಕವನ್ನು ನಾನು ಬಹಳ ಮೆಚ್ಚುತ್ತೇನೆ. ಅದು ನೌಕರ ಎಲ್ಲಿ ಕೂತಿದ್ದ ಎಂದು ಕೇಳುವುದಿಲ್ಲ, ರೈತನ ಕೈಗೆ ಕಾಗದ ಯಾವ ದಿನ ಬಂತು ಎಂದು ಕೇಳುತ್ತದೆ. ಬಯೊಮೆಟ್ರಿಕ್ ಯಂತ್ರದ ಮೇಲೆ ಬೆರಳೊತ್ತಿ ಕ್ಯಾಂಟೀನಿಗೆ ಹೋಗುವವರನ್ನು ಕಂಡಿರುವ ನಮಗೆ ಈ ಎರಡು ಪ್ರಶ್ನೆಗಳ ಅಂತರವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ವಾಷಿಂಗ್ಟನ್ನಿನಲ್ಲಿ ಆ ಎರಡನೆಯ ಪ್ರಶ್ನೆ ಕೇಳುವ ಸಾಧನಗಳೇ ಕಡಿಮೆಯಾಗುತ್ತಿವೆ. ಫೆಡರಲ್ ನೌಕರರ ಅಭಿಪ್ರಾಯ ಸಂಗ್ರಹಿಸುವ ವಾರ್ಷಿಕ ಸಮೀಕ್ಷೆಯನ್ನು ಸಿಬ್ಬಂದಿ ಇಲಾಖೆ 2025ರಲ್ಲಿ ರದ್ದುಮಾಡಿತು. ಅದೇ ಒಂದು ವರ್ಷದಲ್ಲಿ ಫೆಡರಲ್ ನೌಕರಿ ತೊರೆದವರು, ತೆಗೆದುಹಾಕಿಸಿಕೊಂಡವರು ಎಲ್ಲ ಸೇರಿ ಮೂರು ಲಕ್ಷದ ಆಸುಪಾಸು. ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ನೆಲೆಸಿ ಈ ಇಲಾಖೆಗಳಲ್ಲೋ ಅವುಗಳ ಗುತ್ತಿಗೆ ಕಂಪನಿಗಳಲ್ಲೋ ದುಡಿಯುವ ಕನ್ನಡದ ಕುಟುಂಬಗಳೂ ಆ ವರ್ಷವನ್ನು ಆತಂಕದಲ್ಲೇ ಕಳೆದವು.

2010ರ ಕಾಯ್ದೆಯನ್ನು ಸಂಸತ್ತು ರದ್ದು ಮಾಡಿಲ್ಲ. ಇಲಾಖೆಗಳ ದೂರಕೆಲಸದ ಸ್ಥಿತಿಗತಿಯ ಬಗ್ಗೆ ಪ್ರತಿವರ್ಷ ಸಂಸತ್ತಿಗೆ ವರದಿ ಒಪ್ಪಿಸಬೇಕೆಂದು ಅದು ಸಿಬ್ಬಂದಿ ಇಲಾಖೆಗೆ ಹೇಳುತ್ತದೆ. ಕಚೇರಿಗೆ ಎಷ್ಟು ಜನ ಮರಳಿದರು ಎಂಬ ಅಂಕಿ ಆ ವರದಿಯಲ್ಲಿ ಖಂಡಿತ ಇರುತ್ತದೆ. ಪಿಂಚಣಿಗೆ ಅರ್ಜಿ ಹಾಕಿದ ವಿಧವೆ 2024ರಲ್ಲಿ ಎಷ್ಟು ದಿನ ಕಾದಳು, ಮರಳಿದ ಮೇಲೆ ಎಷ್ಟು ದಿನ ಕಾದಳು, ವಿಡಿಯೊ ಚಿಕಿತ್ಸೆಯಲ್ಲಿದ್ದ ಸೈನಿಕರಲ್ಲಿ ಎಷ್ಟು ಮಂದಿ ನಡುವೆಯೇ ಬಿಟ್ಟು ಹೋದರು, ಎಂಟು ಲಕ್ಷ ಪೇಟೆಂಟ್ ಅರ್ಜಿಗಳಲ್ಲಿ ಎಷ್ಟು ಕರಗಿದವು ಎಂಬ ಅಂಕಿಗಳೂ ಅದರ ಪಕ್ಕದಲ್ಲೇ ಅಚ್ಚಾಗಬೇಕು. ಸಂಸದರು ಆ ಅಂಕಿಗಳನ್ನು ಹೆಸರು ಹಿಡಿದು ಕೇಳಿ ಪಡೆಯಬೇಕು.